ಸೂರಿಲ್ಲದ ಮಾಜಿ ಸೈನಿಕರಿಗೆ ಸರ್ಕಾರದ ನೆರವು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ

ಒಂದೇ ಅರ್ಜಿ ಕೊಟ್ಟು, ಒಂದೇ ಕಚೇರಿಗೆ ಹೋಗಿ ಮನೆ ಪಡೆಯುವ ಯೋಜನೆ ಸೂರಿಲ್ಲದ ಮಾಜಿ ಸೈನಿಕರಿಗೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಹಡ್-ವ್ಯಾಶ್ ಎಂಬ ಕಾರ್ಯಕ್ರಮವಿದೆ. ಬಾಡಿಗೆಗೆ ಸರ್ಕಾರದ ನೆರವನ್ನೂ ಕೊನೆಯವರೆಗೆ ಜೊತೆಗಿದ್ದು ನೋಡಿಕೊಳ್ಳುವ ಒಬ್ಬ ಕಾರ್ಯಕರ್ತರನ್ನೂ ಅದು ಒಟ್ಟಿಗೆ ಕೊಡುತ್ತದೆ. ಇಲ್ಲಿ ನೆರವು ನಾಲ್ಕಾರು ಇಲಾಖೆಗಳಲ್ಲಿ ಹಂಚಿಹೋಗಿದೆ. ಜೊತೆಗಿರುವ ಕೆಲಸವನ್ನು ಬಂಧುಗಳು, ನೆರೆಯವರು ಅಥವಾ ಮಾಜಿ ಸೈನಿಕರ ಸಂಘದವರು ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕು. ಮೊದಲು ಗುರುತು, ಆಮೇಲೆ ಆದಾಯ, ಆಮೇಲೆ ಮನೆ ಎಂಬ ಕ್ರಮ ತಪ್ಪಬಾರದು. ನೇರವಾಗಿ ವಸತಿ ನಿಗಮಕ್ಕೆ ಹೋದವರು ಬರಿಗೈಯಲ್ಲಿ ವಾಪಸಾಗುವುದು ಈ ಕ್ರಮ ತಪ್ಪಿದ್ದರಿಂದಲೇ.

ಇವತ್ತಿನ ರಾತ್ರಿಗೆ

ಕಾಗದಪತ್ರ ಸರಿಹೋಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರವೇ ಗತಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳಿವೆ. ಆದ್ದರಿಂದ ಆ ವ್ಯಕ್ತಿ ಸದ್ಯ ಮಲಗುವ ಜಾಗ ಯಾವ ಪಾಲಿಕೆಗೆ ಸೇರಿದೆಯೋ ಅಲ್ಲಿನ ಕಲ್ಯಾಣ ವಿಭಾಗದಲ್ಲಿ ಕೇಳಿ. ಅರವತ್ತು ದಾಟಿದವರಾದರೆ 14567 ಹಿರಿಯರ ಸಹಾಯವಾಣಿಗೆ ಕರೆ ಮಾಡಬಹುದು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ಬೇರೆಯದು. ಅದು ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವಂಥದ್ದು.

ಕುಡಿತಕ್ಕೆ ಬಿದ್ದವರು, ಮನಸ್ಸು ಕಲಕಿದವರು ಆಶ್ರಯ ಕೇಂದ್ರದಲ್ಲಿ ನಿಲ್ಲದೆ ಮರುದಿನವೇ ಹೊರಟುಬಿಡುತ್ತಾರೆ. ಅದನ್ನು ಹಟವೆಂದು ಕೈಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಇರುವ ಊರು ನಮ್ಮದು, ಆ ಅನುಕೂಲವನ್ನು ಬಳಸಿಕೊಳ್ಳಿ.

ಸರ್ವಿಸ್ ನಂಬರ್ ಒಂದಿದ್ದರೆ ಸಾಕು

ಚೀಲ ಕಳೆದು, ಸೇನೆ ಬಿಡುವಾಗ ಕೊಟ್ಟ ಸೇವಾ ದಾಖಲೆಯಾದ ಡಿಸ್ಚಾರ್ಜ್ ಬುಕ್ಕೂ ಹೋಗಿದೆ ಎಂದು ಬಹಳ ಮಂದಿ ಆಸೆಯನ್ನೇ ಬಿಟ್ಟಿರುತ್ತಾರೆ. ಆದರೆ ಸೈನಿಕರಾಗಿದ್ದವರು ತಮ್ಮ ಸರ್ವಿಸ್ ನಂಬರ್ ಮರೆಯುವುದು ಅಪರೂಪ. ಪಕ್ಕದಲ್ಲಿ ಕೂತು ನಂಬರ್, ಕೊನೆಯ ಅಕ್ಷರ, ರ್‍ಯಾಂಕ್, ರೆಜಿಮೆಂಟ್, ಸೇರಿದ ವರ್ಷ, ಬಿಟ್ಟ ವರ್ಷ, ಸ್ವಂತ ಊರು, ತಾಲ್ಲೂಕು ಇಷ್ಟನ್ನು ಬರೆದುಕೊಳ್ಳಿ. ನಂಬರಿನ ಕೊನೆಯಲ್ಲಿರುವ ಇಂಗ್ಲಿಷ್ ಅಕ್ಷರವನ್ನು ಬಿಡಬೇಡಿ. ಅಂಕಿಗಳು ತಪ್ಪಿವೆಯೇ ಎಂದು ತಾಳೆ ನೋಡುವುದು ಅದರಿಂದಲೇ.

ಈ ವಿವರ ಹಿಡಿದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆಗೆ, ಅಂದರೆ ಹಳೆಯ ರೆಸಿಡೆನ್ಸಿ ರಸ್ತೆಗೆ ಹೋಗಿ. ಅಲ್ಲಿನ ಕಾರ್ಯಪ್ಪ ಭವನದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಆ ಮಾಜಿ ಸೈನಿಕರ ಹೆಸರು ಯಾವ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಂದಣಿಯಾಗಿದೆ ಎಂಬುದನ್ನು ಮೊದಲು ಕೇಳಿ. ಕೊಡಗಿನಲ್ಲೋ ಹಾಸನದಲ್ಲೋ ನೋಂದಣಿಯಾಗಿದ್ದರೆ ಕಡತ ಅಲ್ಲೇ ಇರುತ್ತದೆ, ಅರ್ಜಿಗೆ ಶಿಫಾರಸು ಬರಬೇಕಾದ್ದೂ ಅಲ್ಲಿಂದಲೇ. ಬೆಂಗಳೂರಿಗೆ ವರ್ಗಾಯಿಸಲು ವಿಳಾಸದ ಪುರಾವೆ ಬೇಕು, ಮನೆಯಿಲ್ಲದವರಿಗೆ ಅದೇ ಇರುವುದಿಲ್ಲ. ಹಾಗಾಗಿ ಸದ್ಯಕ್ಕೆ ವರ್ಗಾವಣೆಯ ಗೋಜಿಗೆ ಹೋಗದೆ ಹಳೆಯ ಜಿಲ್ಲೆಯ ಮೂಲಕವೇ ಕೆಲಸ ಮುಗಿಸುವುದು ಜಾಣತನ.

ಡಿಸ್ಚಾರ್ಜ್ ಬುಕ್ಕಿನ ನಕಲನ್ನು ಕೊಡುವುದು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಹಲಸೂರಿನಲ್ಲಿದೆ. ಮರಾಠಾ ಲಘು ಪದಾತಿದಳಕ್ಕೆ ಬೆಳಗಾವಿ, ಸಿಗ್ನಲ್ಸ್‌ಗೆ ಜಬಲ್ಪುರ, ಫಿರಂಗಿ ದಳಕ್ಕೆ ನಾಸಿಕ್ ರೋಡ್, ಸೇನೆಯ ಯಂತ್ರೋಪಕರಣ ದುರಸ್ತಿಯ ಇಎಂಇ ದಳಕ್ಕೆ ಸಿಕಂದರಾಬಾದ್, ವಾಯುಪಡೆಗೆ ದೆಹಲಿಯ ಸುಬ್ರತೊ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈನ ಮಾನಖುರ್ದ್. ಕಳೆದುಹೋದ ಬಗ್ಗೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್ ಮತ್ತು ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ ಕಳಿಸಿ. ನೇರವಾಗಿ ಅಂಚೆಗೆ ಹಾಕಿದ ಅರ್ಜಿಗೆ ಉತ್ತರ ಬಂದರೂ ಅದು ಯಾವ ವಿಳಾಸಕ್ಕೆ ಬರಬೇಕು?

ಬಿಎಸ್‌ಎಫ್, ಸಿಆರ್‌ಪಿಎಫ್‌ನಿಂದ ನಿವೃತ್ತರಾದವರು ಸರ್ಕಾರದ ವ್ಯಾಖ್ಯೆಯಲ್ಲಿ ಮಾಜಿ ಸೈನಿಕರಲ್ಲ. ದುರ್ನಡತೆಗಾಗಿ ವಜಾಗೊಂಡವರೂ ಅಲ್ಲ. ಅಂಥವರು ಇಲ್ಲಿ ಕಾಲ ಕಳೆಯದೆ ಸಾಮಾನ್ಯ ವಸತಿ ಯೋಜನೆಗಳಿಗೆ ಹೋಗಲಿ, ಅದಕ್ಕೂ ಹಕ್ಕಿದೆ.

ವಿಳಾಸವಿಲ್ಲದವರಿಗೆ ಆಧಾರ್

ಆಶ್ರಯ ಕೇಂದ್ರದಲ್ಲಿ ಇದ್ದದ್ದರ ನಿಜವಾದ ಲಾಭ ಸಿಗುವುದು ಇಲ್ಲಿ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರವನ್ನು ವಿಳಾಸದ ದಾಖಲೆಯಾಗಿ ಒಪ್ಪುತ್ತಾರೆ. ಅದಕ್ಕೆ ಮೂರು ತಿಂಗಳು ಮಾತ್ರ ಆಯಸ್ಸು, ಪಡೆದ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ. ಮತದಾರರ ಗುರುತಿನ ಚೀಟಿಗೆ ವಿಳಾಸದ ಕಾಗದವೇ ಬೇಡ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ.

ಹೆಸರಿನ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ. ಸೇನೆಯ ದಾಖಲೆಯಲ್ಲಿ 'ಬಸಪ್ಪ ಎಚ್', ಆಧಾರ್‌ನಲ್ಲಿ 'ಹನುಮಂತಪ್ಪ ಬಸಪ್ಪ', ಬ್ಯಾಂಕಿನಲ್ಲಿ 'ಎಚ್. ಬಸವಪ್ಪ' ಎಂದಿದ್ದರೆ ಕಂಪ್ಯೂಟರಿನ ಪಾಲಿಗೆ ಅವರು ಮೂವರು. ಸೇನೆಯ ದಾಖಲೆಗೆ ಹೊಂದುವಂತೆ ಆಧಾರನ್ನು ತಿದ್ದಿಸಿ. ಸೇನೆಯ ದಾಖಲೆಯನ್ನು ಆಧಾರ್‌ಗೆ ಹೊಂದಿಸಲು ಹೊರಟರೆ ವರ್ಷಗಳೇ ಹಿಡಿಯುತ್ತವೆ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ ಅವಕಾಶ. ಡಿಸ್ಚಾರ್ಜ್ ಬುಕ್ಕಿನ ನಕಲು ಕೈಸೇರುವವರೆಗೆ ಆ ಒಂದು ಅವಕಾಶವನ್ನು ಮುಟ್ಟಬೇಡಿ.

ನಿಂತ ಪಿಂಚಣಿಯನ್ನು ಎಬ್ಬಿಸುವುದು

ಬೀದಿಗೆ ಬಂದವರಿಗೆ ಪಿಂಚಣಿಯೇ ಇರಲಿಲ್ಲ ಎಂದುಕೊಳ್ಳಬೇಡಿ, ಬರುತ್ತಿದ್ದದ್ದು ನಿಂತಿರಬಹುದು. ರಕ್ಷಣಾ ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ಜೀವಂತವಿದ್ದಾರೆಂಬ ಪ್ರಮಾಣಪತ್ರ, ಅಂದರೆ ಲೈಫ್ ಸರ್ಟಿಫಿಕೇಟ್, ವರ್ಷಕ್ಕೊಮ್ಮೆ ಕೊಡದಿದ್ದರೆ ನಿಲ್ಲುತ್ತದೆ. ನಿಂತಿದೆ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಜೀವಂತವಿದ್ದಾರೆಂದು ಖಾತ್ರಿಯಾದ ಮೇಲೆ ಬಾಕಿಯ ಸಮೇತ ಬರುತ್ತದೆ, ತುಂಬ ವರ್ಷ ನಿಂತಿದ್ದರೆ ಪರಿಶೀಲನೆಗೆ ಹೆಚ್ಚು ಕಾಲ ಹಿಡಿಯುತ್ತದೆ. ಸ್ಪರ್ಶ್ ಸೇವಾ ಕೇಂದ್ರಕ್ಕೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಗಾರೆ ಕೆಲಸ, ಕಾವಲು ಕೆಲಸ ಮಾಡಿ ಬೆರಳು ಸವೆದವರ ಬೆರಳಚ್ಚು ಯಂತ್ರಕ್ಕೆ ಸಿಗುವುದೇ ಇಲ್ಲ. ಆಗ 'ಆಗಲ್ಲ' ಎನ್ನುವ ಉತ್ತರ ಕೇಳಿ ಹಿಂದಿರುಗಬೇಡಿ, ಮುಖ ಗುರುತಿಸುವ ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮಾಡಿಕೊಡಿ ಎಂದು ಕೇಳಿ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಯ ಕಡೆ ತಿರುಗಿಸಿ ಕೂರಿಸಿದರೆ ಸಾಕು.

ಪಿಂಚಣಿಯೇ ಇಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಕಡುಬಡತನ ನೆರವು ಇದೆ. ಹವಾಲ್ದಾರ್ ರ್‍ಯಾಂಕ್‌ವರೆಗಿನ, 65 ದಾಟಿದ, ಪಿಂಚಣಿರಹಿತ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ಸಿಗುತ್ತದೆ. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರ್‌ 1ರಿಂದ 8,000 ರೂಪಾಯಿ ಆಗಿದೆ. ಅರ್ಜಿ ಮಂಡಳಿಯ ಜಾಲತಾಣದಲ್ಲಿ, ಶಿಫಾರಸು ಜಿಲ್ಲಾ ಕಚೇರಿಯಿಂದ. ಕಾಗದಗಳ ಮಸುಕು ಫೋಟೊ ಹಾಕದೆ ಮೂಲ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ. ವಿಧವೆಯರ ಅರ್ಜಿ ಸಿಕ್ಕಿಬೀಳುವುದು ಸೇನೆಯ ದಾಖಲೆಯಲ್ಲಿ ಮದುವೆಯೇ ನಮೂದಾಗಿಲ್ಲದಿದ್ದಾಗ. ಆ ನಮೂದನ್ನು ರೆಕಾರ್ಡ್ಸ್ ಆಫೀಸಿನಲ್ಲಿ ಮೊದಲು ಮಾಡಿಸಬೇಕು.

ಈಗ ಮನೆ

ಪಿಂಚಣಿ ಶುರುವಾದ ಮೇಲೆ ಮೊದಲು ಬಾಡಿಗೆ ಕೋಣೆ ಹಿಡಿಯಿರಿ. ಬಾಕಿ ಹಣ ಒಟ್ಟಿಗೆ ಬಂದಾಗ 'ಭೋಗ್ಯಕ್ಕೆ ಹಾಕಿ, ಬಾಡಿಗೆಯೇ ಬೇಡ' ಎನ್ನುವವರು ಸುತ್ತಿಕೊಳ್ಳುತ್ತಾರೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕ ಕಟ್ಟದಿದ್ದರೆ ಭೋಗ್ಯದ ಹಣವೂ ಮನೆಯೂ ಹೋಗುತ್ತವೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ ನೋಡದೆ, ಕರಾರು ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸ್ವಂತ ಮನೆಗೆ ಮುಖ್ಯ ದಾರಿ 2024ರ ಸೆಪ್ಟೆಂಬರ್‌ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0. ಕುಟುಂಬದ ಯಾರ ಹೆಸರಿನಲ್ಲೂ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ವರ್ಷಕ್ಕೆ 3 ಲಕ್ಷದವರೆಗಿನ ಆದಾಯ ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯ ವರ್ಗ, 9 ಲಕ್ಷದವರೆಗೆ ಮಧ್ಯಮ ಆದಾಯ ವರ್ಗ. ಅರ್ಜಿಗೆ ಮುಂಚೆ ಲೆಕ್ಕ ಹಾಕಿ: ತಿಂಗಳಿಗೆ 25,000 ಬಂದರೆ ಅಲ್ಲಿಗೆ 3 ಲಕ್ಷ. ತುಟ್ಟಿಭತ್ಯೆ ಸೇರಿಸದೆ ಮೂಲ ಪಿಂಚಣಿಯನ್ನಷ್ಟೇ ಬರೆದವರು ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ.

ನಿವೇಶನ ಇದ್ದು ಮನೆ ಇಲ್ಲದ ದುರ್ಬಲ ವರ್ಗದವರಿಗೆ ಕಟ್ಟಿಕೊಳ್ಳಲು ಕೇಂದ್ರದಿಂದ 1.50 ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಬೆಂಗಳೂರಿನಲ್ಲಿ ನಿವೇಶನ ಎಲ್ಲಿಂದ ಬರಬೇಕು? ಆದರೆ ಊರಿನ ಪುರಸಭೆ ವ್ಯಾಪ್ತಿಯಲ್ಲಿ ಅಪ್ಪನ ಕಾಲದ ಜಾಗವಿದ್ದರೆ ಇದೇ ಸುಲಭದ ದಾರಿ, ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರಾಯಿತು. ಹಳ್ಳಿಯಾದರೆ ಗ್ರಾಮೀಣ ಆವಾಸ್ ಯೋಜನೆಯಲ್ಲಿ 1.20 ಲಕ್ಷ, ಗ್ರಾಮ ಪಂಚಾಯಿತಿಯ ಮೂಲಕ. ಸಾಲ ಮಾಡಿ ಕೊಳ್ಳುವವರಿಗೆ ಮೊದಲ 8 ಲಕ್ಷ ಸಾಲದ ಮೇಲೆ ಶೇ 4ರ ಬಡ್ಡಿ ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ದಾಟುವಂತಿಲ್ಲ. ಎಪ್ಪತ್ತರ ಸಮೀಪ ಇರುವವರಿಗೆ ಬ್ಯಾಂಕ್ ದೀರ್ಘಾವಧಿ ಸಾಲ ಕೊಡುವುದು ಕಷ್ಟ.

ರಾಜ್ಯದ ವಸತಿ ಯೋಜನೆಗಳನ್ನು ನೋಡಿಕೊಳ್ಳುವುದು ಕೆ.ಜಿ. ರಸ್ತೆಯ ಕಾವೇರಿ ಭವನದಲ್ಲಿರುವ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ 'ಗ್ರಾಮೀಣ' ಇದ್ದರೂ ಬೆಂಗಳೂರಿನ ಬಡವರಿಗಾಗಿ ಇರುವ ಮುಖ್ಯಮಂತ್ರಿಗಳ ಒಂದು ಲಕ್ಷ ವಸತಿ ಯೋಜನೆಯೂ ಅದರದ್ದೇ. ವಿಧವೆಯರು, ಅಂಗವಿಕಲರು ದೇವರಾಜ ಅರಸು ವಸತಿ ಯೋಜನೆಯ ವಿಶೇಷ ವರ್ಗದಲ್ಲಿ ಬರುತ್ತಾರೆ, ಆ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಇಡಿ. ಬಿಡಿಎ ನಿವೇಶನ ಹಂಚಿಕೆಯಲ್ಲಿ ಸೈನಿಕರು, ಮಾಜಿ ಸೈನಿಕರು ಮತ್ತು ಮೃತ ಸೈನಿಕರ ಕುಟುಂಬಕ್ಕೆ ಪ್ರತ್ಯೇಕ ಮೀಸಲು ವರ್ಗವಿದೆ. ಆದರೆ ಅದು ಸಹಾಯಧನವಲ್ಲ, ಹಂಚಿಕೆಯಾದರೆ ಹಣ ಕಟ್ಟಲೇಬೇಕು. ಸೇನಾ ಕಲ್ಯಾಣ ವಸತಿ ಸಂಸ್ಥೆಯ ಫ್ಲ್ಯಾಟುಗಳೂ ಅಷ್ಟೇ, ಸದಸ್ಯರ ಹಣದಲ್ಲೇ ಕಟ್ಟುವಂಥವು. ಬೀದಿಯಿಂದ ಈಗಷ್ಟೇ ಎದ್ದವರನ್ನು ಅತ್ತ ಕಳಿಸುವುದು ನಮಗೆ ಸರಿಕಾಣುವುದಿಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ಓಡಾಡಲಾಗದವರಿಗೆ ಪುಣೆಯ ಖಡ್ಕಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. ಅದಕ್ಕೂ ದಾರಿ ಜಿಲ್ಲಾ ಕಚೇರಿಯ ಮೂಲಕವೇ.

ಮನೆ ಬರೆದುಕೊಟ್ಟು ಹೊರಬಿದ್ದವರು

ಇವರಿಗೆ ಹೊಸ ಮನೆಗಿಂತ ಹಳೆಯ ಮನೆ ಬೇಗ ಸಿಗಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಮಕ್ಕಳಿಗೋ ಬಂಧುಗಳಿಗೋ ದಾನಪತ್ರ ಮಾಡಿಕೊಟ್ಟು, ಅವರು ಮಾತಿಗೆ ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಡಿ ಅದನ್ನು ರದ್ದುಪಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ದಾನಪತ್ರದ ದೃಢೀಕೃತ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ಮೊದಲೇ ತೆಗೆಸಿ ಓದಿ. ಷರತ್ತು ಪತ್ರದಲ್ಲೇ ಬರೆದಿದ್ದರೆ ಪ್ರಕರಣ ಗಟ್ಟಿ. ಬರೆದಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಿ, ವಾದವನ್ನು ಹೇಗೆ ಮಂಡಿಸಬೇಕೆಂದು ತಿಳಿದುಕೊಂಡೇ ಅರ್ಜಿ ಹಾಕಿ. ಸೈನಿಕ ಕುಟುಂಬಗಳಿಗೆಂದೇ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋದಾಗ ಅದರ ವಕೀಲರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ, ದಾನಪತ್ರವನ್ನು ಅವರಿಗೇ ತೋರಿಸಿ.