ಭರಮಸಾಗರ ದಾಟಿದ ಮೇಲೆ ಬೀಳುತ್ತಿದ್ದ ಮುಳ್ಳು

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಆಟೋಮ್ಯಾಟಿಕ್ ಕಾರನ್ನು ದಾವಣಗೆರೆಯ ನಮ್ಮ ಗ್ಯಾರೇಜಿಗೆ ತಂದರು. ಗೇರ್‌ಬಾಕ್ಸ್ ಹೋಗಿದೆ, ಇಳಿಸಲೇಬೇಕು ಅಂತ ಬೇರೆ ಕಡೆ ಹೇಳಿದ್ದರಂತೆ. ಮುಖ ಬಾಡಿಹೋಗಿತ್ತು.

"ದುರ್ಗ ಬಿಟ್ಟಾಗ ಚೆನ್ನಾಗೇ ಬರುತ್ತೆ ಕಣಪ್ಪ. ಭರಮಸಾಗರ ದಾಟಿದ ಮೇಲೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತೆ, ಗಾಡಿ ಒಂದೇ ಗೇರ್‌ನಲ್ಲಿ ಎಳೆಯುತ್ತೆ. ಅರ್ಧ ಗಂಟೆ ನಿಲ್ಲಿಸಿದ್ರೆ ಮತ್ತೆ ಸರಿ."

ಆ ಮಾತುಗಳೇ ನನಗೆ ಸುಳಿವು. ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸವೆದಿದ್ದರೆ ಮುಳ್ಳು ಯಾಕೆ ಬೀಳಬೇಕು, ಅಲ್ವಾ? ಈ ಕಾರಿನಲ್ಲಿ ಮುಳ್ಳಿಗೂ ಗೇರ್ ಬದಲಿಸುವ ಕಂಪ್ಯೂಟರ್‌ಗೂ ವೇಗದ ಲೆಕ್ಕ ಕೊಡೋದು ಒಂದೇ ಸೆನ್ಸರ್. ಈಗಿನ ಎಷ್ಟೋ ಕಾರುಗಳಲ್ಲಿ ಚಕ್ರದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ನಿಂದ ಮುಳ್ಳು ಓಡುತ್ತದೆ, ಅದು ಬೇರೆ ಲೆಕ್ಕ.

ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್ ಮೇಲೆ ಹಲ್ಲಿನ ಚಕ್ರ ಇರುತ್ತದೆ. ಅದರ ಪಕ್ಕದಲ್ಲಿ ಕೂತ ಸೆನ್ಸರ್ ಒಳಗೆ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ಸಣ್ಣ ತಾಮ್ರದ ತಂತಿ. ಒಂದೊಂದು ಹಲ್ಲು ಹಾದಾಗಲೂ ತಂತಿಯಲ್ಲಿ ವೋಲ್ಟೇಜ್ ಏರಿ ಇಳಿಯುತ್ತದೆ. 40 ಹಲ್ಲಿದ್ದರೆ ಒಂದು ಸುತ್ತಿಗೆ 40 ಸಲ. ಕಂಪ್ಯೂಟರ್ ಇದನ್ನು ಎಣಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತಲೂ ನೋಡಿ, ಗೇರ್ ಯಾವಾಗ ಬದಲಿಸಬೇಕು ಅಂತ ತೀರ್ಮಾನ ಮಾಡುತ್ತದೆ. ಎಣಿಕೆ ನಿಂತರೆ ಗೇರ್‌ಬಾಕ್ಸ್ ಹಾಳಾಗದಿರಲಿ ಅಂತ ಒಂದೇ ಗೇರ್ ಹಿಡಿದುಕೊಳ್ಳುತ್ತದೆ. ಲಿಂಪ್ ಮೋಡ್ ಅನ್ನೋದು ಇದನ್ನೇ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ, ಪಿ0720 ಬಂತು. ಔಟ್‌ಪುಟ್ ಸ್ಪೀಡ್ ಸೆನ್ಸರ್, ಅಂದರೆ ಇದೇ ಸೆನ್ಸರಿನ ಸರ್ಕ್ಯೂಟಿನ ಕೋಡ್ ಅದು. ಕೋಡ್ ಬಂತು ಅಂತ ಸುಮ್ನೆ ಸೆನ್ಸರ್ ಬದಲಿಸಬಾರದು, ವೈರ್ ತುಂಡಾಗಿದ್ದರೂ ಅದೇ ಕೋಡ್ ಬರುತ್ತದೆ. ವೈರ್, ಕನೆಕ್ಟರ್ ನೋಡಿದೆ, ಸರಿಯಿದ್ದವು.

ಸೆನ್ಸರ್ ಬಿಚ್ಚಿದಾಗ ತುದಿಯಲ್ಲಿ ಕಪ್ಪು ಕಬ್ಬಿಣದ ಪುಡಿ ಕಾಡಿಗೆಯಂತೆ ಮೆತ್ತಿತ್ತು. ಒರೆಸಿ ಮಲ್ಟಿಮೀಟರ್ ಹಿಡಿದರೆ ತಂತಿಯ ವಿದ್ಯುತ್ ರೋಧ 810 ಓಮ್. ಸರಿಯಾಗೇ ಇದೆ! ಆದರೆ ತಣ್ಣಗಿದ್ದಾಗ ಅದು ಸರಿಯಿರಲೇಬೇಕಲ್ಲ. ಪಕ್ಕದ ಚಹಾ ಅಂಗಡಿಯಿಂದ ಸ್ಟೀಲ್ ಲೋಟದಲ್ಲಿ ಕುದಿಯುವ ನೀರು ತರಿಸಿದೆ. ಕನೆಕ್ಟರ್ ಭಾಗ ನೀರಿನಿಂದ ಮೇಲೆ ಇರುವಂತೆ ಹಿಡಿದು ಸೆನ್ಸರಿನ ತುದಿಯನ್ನಷ್ಟೇ ಮುಳುಗಿಸಿದೆ. 850, 900, 940... ತಾಮ್ರ ಬಿಸಿಯಾದರೆ ಇಷ್ಟು ಏರೋದು ಸಹಜ. ಆಮೇಲೆ ಒಮ್ಮೆಲೇ ಮೀಟರ್‌ನಲ್ಲಿ ಓಎಲ್, ಅಂದರೆ ಸರ್ಕ್ಯೂಟ್ ಕಡಿದಿದೆ ಅಂತ. ಒಳಗೆ ತಂತಿ ಬಿಟ್ಟುಕೊಂಡಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ನೀರು ತಣ್ಣಗಾದಂತೆ ಮತ್ತೆ ಓಮ್ ಕಾಣಿಸಿಕೊಂಡಿತು.

ಈ ಪರೀಕ್ಷೆ ಎರಡು ವೈರಿನ ಇಂಥ ಸೆನ್ಸರ್‌ಗೆ ಮಾತ್ರ. ಮೂರು ವೈರಿನ, ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರ್‌ಗೆ ಓಮ್ ನೋಡಬೇಡಿ. ಅದಕ್ಕೆ ಕರೆಂಟ್ ಕೊಟ್ಟು, ಶಾಫ್ಟ್ ತಿರುಗಿಸಿ ಸಿಗ್ನಲ್ ನೋಡಬೇಕು.

ಹೊಸ ಸೆನ್ಸರ್, ಹೊಸ ಓ ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿ ಕೋಡ್ ಅಳಿಸಿದೆ. ಮೇಷ್ಟ್ರನ್ನೇ ಡ್ರೈವ್ ಮಾಡಿ ಅಂದು ನಾನು ಪಕ್ಕದಲ್ಲಿ ಕೂತೆ. ಭರಮಸಾಗರ ಬಂತು, ಹೋಯಿತು. ದುರ್ಗದ ಗುಡ್ಡಗಳ ಗಾಳಿಯಂತ್ರಗಳು ಕಂಡಾಗಲೂ ಮುಳ್ಳು 70ರ ಹತ್ತಿರವೇ ಇತ್ತು.