ನಾಯಿ ಒಂದ್ ಕಡೆ ಸುಮ್ನೆ ಕೂರಲ್ಲ ಅನ್ನೋರಿಗೆ

ಲ್ಯಾಬ್ರಡಾರ್, ಬೀಗಲ್, ಹಸ್ಕಿ ಸಾಕಿರೋರು ಎಷ್ಟು ಓಡಿಸಿದ್ರೂ ಸುಸ್ತೇ ಆಗಲ್ಲ ಅಂತಾರಲ್ಲ, ಬರೀ ಓಡಿಸ್ತಾ ಹೋದ್ರೆ ಸ್ಟ್ಯಾಮಿನಾ ಜಾಸ್ತಿ ಆಗುತ್ತೆ ಅಷ್ಟೇ, ತಲೆಗೂ ಕೆಲಸ ಕೊಡ್ಬೇಕು. ವಾಕಿಂಗಲ್ಲಿ ಮೂಸ್ತಾ ನಿಂತ್ರೆ ಎಳೀಬೇಡಿ, ಬಿಡಿ ಮೂಸ್ಲಿ. ಡಾಗ್ ಫುಡ್ಡನ್ನ ಯಾವಾಗ್ಲೂ ಬಟ್ಟಲಲ್ಲೇ ಹಾಕೋ ಬದ್ಲು ಸ್ವಲ್ಪ ಹಳೇ ಟವೆಲಲ್ಲಿ ಸುತ್ತಿ ಕೊಡಿ, ಹುಡುಕಿ ತಿನ್ನುತ್ತೆ (ಬಟ್ಟೆ ನುಂಗೋ ಚಟ ಇದ್ರೆ ಟವೆಲ್ ಬೇಡ, ನೆಲದ ಮೇಲೆ ಚೆಲ್ಲಿದ್ರೂ ಆಯ್ತು).

ಮೈ ಮೇಲೆ ಹಾರೋ ನಾಯಿಗೆ ಬೈದ್ರೂ ತಳ್ಳಿದ್ರೂ ಅದಕ್ಕೆ ಆಟಾನೇ. ಮಾತಾಡ್ದೆ ಬೆನ್ನು ತಿರುಗಿಸಿ ನಿಂತ್ಕೊಳಿ, ನಾಲ್ಕೂ ಕಾಲು ನೆಲಕ್ಕೆ ಬಂದ ತಕ್ಷಣ ಟ್ರೀಟ್ ಕೊಡಿ, ಆದ್ರೆ ಮನೇಲಿ ಎಲ್ರೂ ಹೀಗೇ ಮಾಡ್ಬೇಕು, ಒಬ್ರು ತಿರುಗಿ ನಿಂತು ಇನ್ನೊಬ್ರು ಮುದ್ದು ಮಾಡಿದ್ರೆ ಮುಗೀತು ಕಥೆ. ಟ್ರೇನಿಂಗ್ 5 ನಿಮಿಷಕ್ಕಿಂತ ಎಳೀಬೇಡಿ, ದಿನಕ್ಕೆ 2-3 ಸಲ ಸಾಕು.

ಮರಿಗಳಿಗೆ ದಿನಕ್ಕೆ 18 ಗಂಟೆ ಹತ್ರ ನಿದ್ದೆ ಬೇಕು, ಸಂಜೆ ಹೊತ್ತು ಹುಚ್ಚೆದ್ದು ಕಚ್ಚೋಕೆ ಬಂದ್ರೆ ಎಷ್ಟೋ ಸಲ ಕಾರಣ ನಿದ್ದೆ ಸಾಲದೇ ಇರೋದು, ಮಲಗಿಸಿ ನೋಡಿ.

ಊಟ ಆದ ತಕ್ಷಣ ಮಾತ್ರ ಓಡಿಸ್ಬೇಡಿ. ಅದ್ರಲ್ಲೂ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಥರ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡ್ರೆ ಜೀವಕ್ಕೇ ಅಪಾಯ, ಬರೀ ಓಕರಿಸ್ತಾ ಏನೂ ಹೊರಗೆ ಬರ್ತಿಲ್ಲ ಅಂದ್ರೆ ಕಾಯಬೇಡಿ, ತಕ್ಷಣ ಡಾಕ್ಟರ್ ಹತ್ರ ಹೋಗಿ.