ಹಳೆಯ ಕನ್ವರ್ಟಿಬಲ್ ರಿವಾಲ್ವರಿಗೆ ಇನ್ನೊಂದು ಸಿಲಿಂಡರ್ ಹುಡುಕುವುದು ಹೇಗೆ?

ಕನ್ವರ್ಟಿಬಲ್ ರಿವಾಲ್ವರ್ ಅಂದರೆ ಕೋವಿ ಒಂದು, ಸಿಲಿಂಡರ್ (ತೋಟಾ ತುಂಬುವ, ತಿರುಗುವ ಉರುಳೆ) ಎರಡು. ಒಂದನ್ನು ತೆಗೆದು ಇನ್ನೊಂದು ಹಾಕಿದರೆ ಬೇರೆ ಜಾತಿಯ ತೋಟಾ ಹೊಡೆಯಬಹುದು. ಅಮೆರಿಕದಲ್ಲಿ ಈ ಪೈಕಿ ಹೆಸರುವಾಸಿ ರೂಗರ್ ಕಂಪನಿಯ ಸಿಂಗಲ್-ಸಿಕ್ಸ್. 1953ರಲ್ಲಿ ಮಾರುಕಟ್ಟೆಗೆ ಬಂದಾಗ ಅದು .22 ಲಾಂಗ್ ರೈಫಲ್ ತೋಟಾಗೆ ಮಾತ್ರ ಇತ್ತು. 1959ರಲ್ಲಿ ವಿಂಚೆಸ್ಟರ್ ಕಂಪನಿ .22 ಮ್ಯಾಗ್ನಮ್ ಎಂಬ ಇನ್ನೂ ಜೋರಿನ ತೋಟಾ ತಂದಿತು. ಅದಾಗಿ ಕೆಲವೇ ವರ್ಷಕ್ಕೆ ರೂಗರ್ ಎರಡಕ್ಕೂ ಒಂದೊಂದು ಸಿಲಿಂಡರ್ ಸೇರಿಸಿ ಮಾರತೊಡಗಿತು. ಅಭ್ಯಾಸಕ್ಕೆ ಅಗ್ಗದ ಲಾಂಗ್ ರೈಫಲ್, ಜೋರು ಬೇಕಾದಾಗ ಮ್ಯಾಗ್ನಮ್.

ಈಗ ಇಂಥ ಹಳೇ ಕೋವಿಗಳು ಎಸ್ಟೇಟ್ ಸೇಲ್‌ಗಳಲ್ಲಿ, ಗನ್ ಶೋಗಳಲ್ಲಿ ಸಿಗುತ್ತವೆ. ಆದರೆ ಎರಡನೇ ಸಿಲಿಂಡರ್ ಎಲ್ಲೋ ಕಳೆದುಹೋಗಿರುತ್ತದೆ. ಕೊಂಡವರು ಆನ್‌ಲೈನ್‌ನಲ್ಲಿ ಒಂದು ತರಿಸುತ್ತಾರೆ. ಒಳಗೆ ಕೂತಿತು, ತಿರುಗಿತು, ಸರಿ ಎಂದು ಸೀದಾ ರೇಂಜಿಗೆ ಹೊರಡುತ್ತಾರೆ. ಹಾಗೆ ಮಾಡಿದವರ ಪಕ್ಕದ ಲೇನಿನಲ್ಲಿ ನಿಂತವರ ತೋಳಿಗೆ ಸೀಸದ ಚೂರು ಸಿಡಿದದ್ದನ್ನು ನೋಡಿದ್ದೇನೆ. ಸಿಲಿಂಡರ್ ಒಳಗೆ ಕೂರುವುದು ಬೇರೆ, ಕೋವಿಗೆ ಹೊಂದುವುದು ಬೇರೆ. ಈ ಲೇಖನದಲ್ಲಿ ಹೆಚ್ಚು ಜಾಗ ಆ ಎರಡನೆಯದಕ್ಕೇ.

ಅಮೆರಿಕದಲ್ಲಿರುವ ನಮ್ಮವರಿಗೆ ಮೊದಲೇ ಒಂದು ಮಾತು. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಇರುವವರು ಅಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಸ್ನೇಹಿತರು ಇಟ್ಟುಕೊಂಡಿದ್ದಾರೆ, ನಾನೂ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ವಕೀಲರನ್ನು ಕೇಳಿ.

ಹಂತ 1: ನಿಮ್ಮ ಕೈಲಿರುವ ಕೋವಿ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. 'ಸಿಂಗಲ್-ಸಿಕ್ಸ್‌ಗೆ ಸಿಲಿಂಡರ್ ಬೇಕು' ಅಂದರೆ ಸಾಲದು. 1973ರಲ್ಲಿ ರೂಗರ್ ಒಳಗಿನ ರಚನೆಯನ್ನೇ ಬದಲಾಯಿಸಿ 'ನ್ಯೂ ಮಾಡೆಲ್' ತಂದಿತು. ಅದಕ್ಕೂ ಹಿಂದಿನದು 'ಓಲ್ಡ್ ಮಾಡೆಲ್'. ಗುರುತು ಸುಲಭ. ಫ್ರೇಮಿನ (ಕೋವಿಯ ಮೂಲ ಚೌಕಟ್ಟು) ಪಕ್ಕದಲ್ಲಿ ಮೂರು ಸ್ಕ್ರೂ ಇದ್ದರೆ ಹಳೆಯದು, ಸ್ಕ್ರೂ ಬದಲು ಎರಡು ಪಿನ್ ಇದ್ದರೆ ಹೊಸದು. ಸೀರಿಯಲ್ ನಂಬರ್ ಕೊಟ್ಟರೆ ಯಾವ ವರ್ಷ ತಯಾರಾಯಿತು ಎಂದು ರೂಗರ್ ವೆಬ್‌ಸೈಟೇ ಹೇಳುತ್ತದೆ.

ನಿಮ್ಮದು ಓಲ್ಡ್ ಮಾಡೆಲ್ ಆಗಿದ್ದು, ಕಂಪನಿಯ ಸೇಫ್ಟಿ ಬದಲಾವಣೆ ಆಗಿರದಿದ್ದರೆ, ಆರು ಚೇಂಬರಿನಲ್ಲಿ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತುಗಳು) ಐದಕ್ಕೆ ಮಾತ್ರ ತೋಟಾ ತುಂಬಬೇಕು. ಹ್ಯಾಮರ್ (ಹಿಂದಿನಿಂದ ಬಡಿದು ಗುಂಡು ಹಾರಿಸುವ ಭಾಗ) ಖಾಲಿ ಚೇಂಬರಿನ ಮೇಲೆ ಇರಬೇಕು. ಇಲ್ಲದಿದ್ದರೆ ಕೋವಿ ಕೆಳಗೆ ಬಿದ್ದರೆ ಗುಂಡು ಹಾರಬಹುದು. ರೂಗರ್ ಈ ಬದಲಾವಣೆಯನ್ನು ದುಡ್ಡಿಲ್ಲದೆ ಮಾಡಿಕೊಡುತ್ತದೆ, ಬಿಚ್ಚಿದ ಹಳೇ ಭಾಗಗಳನ್ನೂ ವಾಪಸ್ ಕೊಡುತ್ತದೆ. ಹಳೇ ಕೋವಿಯ ಬೆಲೆ ಕಡಿಮೆಯಾಗುತ್ತದೆ ಎಂದು ಕೆಲವರು ಬೇಡ ಅನ್ನುತ್ತಾರೆ. ಹೊಡೆಯಲು ಬಳಸುವ ಕೋವಿ ಆದರೆ ಮಾಡಿಸಿಯೇ ಬಿಡಿ.

ಇನ್ನೊಂದು ಸೂಕ್ಷ್ಮ ಇದೆ. ಮ್ಯಾಗ್ನಮ್ ಬರುವ ಮೊದಲು ಲಾಂಗ್ ರೈಫಲ್‌ಗೆಂದೇ ಮಾಡಿದ ಕೋವಿಗಳಲ್ಲಿ ನಳಿಗೆಯ ಒಳಗಾತ್ರ ಕೂದಲೆಳೆಯಷ್ಟು ಬಿಗಿ. ಅಂಥದ್ದಕ್ಕೆ ಮ್ಯಾಗ್ನಮ್ ಸಿಲಿಂಡರ್ ಹಾಕುವ ಆಸೆ ಬಿಡಿ. ನಿಮ್ಮದು ಮೊದಲಿನಿಂದಲೂ ಕನ್ವರ್ಟಿಬಲ್ ಆಗಿಯೇ ಮಾರಾಟವಾದದ್ದೇ ಎಂದು ಕಂಪನಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ರೂಗರ್ ಬ್ಲ್ಯಾಕ್‌ಹಾಕ್ ಎಂಬ, ದೊಡ್ಡ ತೋಟಾದ ರಿವಾಲ್ವರ್ ಇದ್ದವರಿಗೂ ಇಂಥದ್ದೇ ಗುಂಡಿ ಕಾದಿದೆ. 1955ರಿಂದ ಬಂದ ಹಳೇ .357 ಬ್ಲ್ಯಾಕ್‌ಹಾಕ್‌ನ ಫ್ರೇಮ್ ಚಿಕ್ಕದು. 1973ರ ನಂತರದ್ದು ದೊಡ್ಡದು. ಹಾಗಾಗಿ ಹೊಸದರ 9 ಎಂಎಂ ಸಿಲಿಂಡರ್ ಹಳೆಯದಕ್ಕೆ ಆಗುವುದೇ ಇಲ್ಲ. ಎರಡಕ್ಕೂ ಹೆಸರು ಬ್ಲ್ಯಾಕ್‌ಹಾಕ್, ಅಷ್ಟೇ.

ಹಂತ 2: ಕಳೆದುಹೋದದ್ದನ್ನೇ ಹುಡುಕಿ

ಮಾರಿದವರಿಗೆ ಒಂದು ಫೋನ್ ಮಾಡಿ. ರೂಗರ್‌ನ ಹೆಚ್ಚುವರಿ ಸಿಲಿಂಡರ್ ಸಣ್ಣ ಕೆಂಪು ಬಟ್ಟೆ ಚೀಲದಲ್ಲಿ ಬರುತ್ತಿತ್ತು. ಆ ಚೀಲ ಏನು ಅಂತ ಗೊತ್ತಿಲ್ಲದೆ ಮನೆಯವರು ಹೊಲಿಗೆ ಡಬ್ಬಿಗೋ ಗ್ಯಾರೇಜಿನ ಡ್ರಾಯರಿಗೋ ಹಾಕಿಬಿಟ್ಟಿರುತ್ತಾರೆ. ಇದು ಸಿಕ್ಕಿದರೆ ಉಳಿದ ತಲೆನೋವು ಮುಕ್ಕಾಲು ಪಾಲು ಕಡಿಮೆ, ಯಾಕೆಂದರೆ ಅದು ನಿಮ್ಮ ಕೋವಿಗೆಂದೇ ಕಾರ್ಖಾನೆಯಲ್ಲಿ ಹೊಂದಿಸಿದ್ದು.

ಹಂತ 3: ಎಲ್ಲಿ ಕೊಳ್ಳಬೇಕು?

ರೂಗರ್ ಬಿಡಿ ಸಿಲಿಂಡರ್ ಮಾರುವುದಿಲ್ಲ. ಕೋವಿಯನ್ನೇ ಕಾರ್ಖಾನೆಗೆ ಕಳಿಸಬೇಕು, ಅವರೇ ಹೊಂದಿಸಿ ಕೊಡುತ್ತಾರೆ. ನಿಮ್ಮ ಮಾಡೆಲಿಗೆ ಆ ಸೇವೆ ಈಗಲೂ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಬೇರೆಲ್ಲೂ ಹೋಗಬೇಡಿ, ಸಮಯ ಜಾಸ್ತಿ ಹಿಡಿದರೂ ಪರವಾಗಿಲ್ಲ. ಕೋವಿ ಕಳಿಸುವ ಕೆಲಸವನ್ನು ಲೈಸೆನ್ಸ್ ಇರುವ ಸ್ಥಳೀಯ ಅಂಗಡಿಯ ಮೂಲಕವೇ ಮಾಡಿಸಿ.

ಇಲ್ಲದಿದ್ದರೆ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿರುವ ನ್ಯೂಮ್ರಿಚ್, ಹರಾಜಿನ ತಾಣ ಗನ್‌ಬ್ರೋಕರ್, ಗನ್ ಶೋಗಳ ಬಿಡಿಭಾಗದ ಮೇಜುಗಳು. ನನ್ನನ್ನು ಕೇಳಿದರೆ ಸಣ್ಣ ಊರಿನ ಹಳೇ ಕೋವಿ ರಿಪೇರಿ ಅಂಗಡಿಗಳಿಗೆ ಮೊದಲು ಹೋಗಿ. ಅವರ ಡ್ರಾಯರಿನಲ್ಲಿ ಇರುವುದು ಯಾವ ವೆಬ್‌ಸೈಟಿನಲ್ಲೂ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೋವಿ ತಂದು ಅಲ್ಲೇ ಹಾಕಿ ನೋಡಬಹುದು.

1968ರ ಗನ್ ಕಂಟ್ರೋಲ್ ಕಾಯ್ದೆ ಪ್ರಕಾರ ರಿವಾಲ್ವರಿನ ಫ್ರೇಮ್ ಮಾತ್ರ ಕೋವಿ ಎಂಬ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಬಿಡಿ ಸಿಲಿಂಡರ್ ಸೀದಾ ಮನೆಗೇ ಬರುತ್ತದೆ. ಆದರೂ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಹೈ ಸ್ಟ್ಯಾಂಡರ್ಡ್ ಡಬಲ್-ನೈನ್ ಇದ್ದವರಿಗೆ ದಾರಿ ಇನ್ನೂ ಕಿರಿದು. ಒಂಬತ್ತು ಗುಂಡಿನ ಒಳ್ಳೇ ರಿವಾಲ್ವರ್ ಅದು. ಆದರೆ ಕಂಪನಿ 1984ರಲ್ಲೇ ಬಾಗಿಲು ಹಾಕಿತು. ಕೆಟ್ಟುಹೋದ ಇನ್ನೊಂದು ಡಬಲ್-ನೈನ್‌ನಿಂದ ಬಿಚ್ಚಿದ ಸಿಲಿಂಡರ್ ಸಿಗಬೇಕು. ಒಂದು ಬಿಡಿ ಸಿಲಿಂಡರಿಗೆ ಇಡೀ ಕೋವಿಯ ಅರ್ಧ ಬೆಲೆ ಕೇಳಿದರೆ ಕೊಳ್ಳಬೇಡಿ. ಇರುವುದನ್ನು ಮಾರಿ, ಎರಡೂ ಸಿಲಿಂಡರ್ ಇರುವ ಜೋಡಿಯನ್ನೇ ತೆಗೆದುಕೊಳ್ಳಿ.

'ಎಲ್ಲಾ ಸಿಂಗಲ್-ಸಿಕ್ಸ್‌ಗಳಿಗೂ ಹೊಂದುತ್ತದೆ' ಎಂದು ಬರೆದು, ಯಾರು ಮಾಡಿದ್ದು ಅಂತ ಹೇಳದೆ ಮಾರುವ ಸಿಲಿಂಡರ್‌ಗಳ ಹತ್ತಿರವೂ ಹೋಗಬೇಡಿ. ಎಲ್ಲದಕ್ಕೂ ಹೊಂದುವ ಸಿಲಿಂಡರ್ ಅಂತ ಒಂದಿಲ್ಲ.

ಹಂತ 4: ದುಡ್ಡು ಕೊಡುವ ಮೊದಲು ಫೋಟೋ ಕೇಳಿ

ಮೂರು ಫೋಟೋ ಬೇಕು. ಮುಂಭಾಗ, ಹಿಂಭಾಗ, ಪಕ್ಕದ ಕಚ್ಚುಗಳು (ಸಿಲಿಂಡರನ್ನು ಬೀಗ ಹಾಕಿ ನಿಲ್ಲಿಸುವ ತೋಡುಗಳು).

ಮುಂಭಾಗದಲ್ಲಿ ರೂಗರ್ ಹೆಚ್ಚುವರಿ ಸಿಲಿಂಡರ್‌ಗಳ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಕೊರೆದಿರುತ್ತದೆ. ಅದು ಯಾವ ಕೋವಿಗೆ ಹೊಂದಿಸಿದ್ದೋ ಅದರ ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿ. ನಿಮ್ಮ ಕೋವಿಯದ್ದಕ್ಕೆ ತಾಳೆಯಾಗದಿದ್ದರೆ ಸಿಲಿಂಡರ್ ಕೆಟ್ಟದ್ದೇನಲ್ಲ, ಆದರೆ ಬೇರೆಯವರ ಕೋವಿಯ ಅಳತೆಗೆ ಕೂರಿಸಿದ್ದು ಎಂಬುದು ಖಾತ್ರಿ.

ಹಿಂಭಾಗದಲ್ಲಿ ಪ್ರತಿ ಚೇಂಬರಿನ ಅಂಚನ್ನು ದೊಡ್ಡದು ಮಾಡಿ ನೋಡಿ. .22 ತೋಟಾದ ಮದ್ದು ಹೊತ್ತಿಕೊಳ್ಳುವುದು ಅದರ ಅಂಚಿನಲ್ಲಿ. ಖಾಲಿ ಕೋವಿಯ ಟ್ರಿಗರ್ ಸುಮ್ನೆ ಎಳೆದು ಎಳೆದು ಆಡಿದ್ದರೆ ಫೈರಿಂಗ್ ಪಿನ್ ಸೀದಾ ಚೇಂಬರಿನ ಅಂಚಿಗೆ ಬಡಿದಿರಬಹುದು. ಆಗ ಅಲ್ಲಿ ಉಗುರಿನಿಂದ ಒತ್ತಿದ ಹಾಗೆ ಒಂದು ಸಣ್ಣ ತಗ್ಗು, ಅದರ ಪಕ್ಕಕ್ಕೆ ಲೋಹ ಒಳಗೆ ಉಬ್ಬಿರುತ್ತದೆ. ಆ ಉಬ್ಬಿಗೆ ತೋಟಾ ಸಿಕ್ಕಿಕೊಂಡು ಹೊರಗೆ ಬರಲು ಒದ್ದಾಡುತ್ತದೆ. ಒಂದೆರಡು ಚೇಂಬರಿನಲ್ಲಿ ಇದ್ದರೆ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಸರಿಮಾಡುತ್ತಾರೆ. ಆರರಲ್ಲೂ ಇದ್ದರೆ ಬಿಡಿ.

ಯಾವ ತೋಟಾದ ಸಿಲಿಂಡರ್ ಎಂದು ಮಾರುವವರ ಬಾಯಿಮಾತು ನಂಬಬೇಡಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಚೇಂಬರಿನ ಬಾಯಿ ಅಳೆಸಿ. ಲಾಂಗ್ ರೈಫಲ್ ತೋಟಾದ ದಪ್ಪ ಸುಮಾರು 5.7 ಮಿ.ಮೀ., ಮ್ಯಾಗ್ನಮ್‌ನದ್ದು ಸುಮಾರು 6.1 ಮಿ.ಮೀ. ಮ್ಯಾಗ್ನಮ್ ತೋಟಾ ಲಾಂಗ್ ರೈಫಲ್ ಚೇಂಬರಿಗೆ ಹೋಗುವುದೇ ಇಲ್ಲ. ಲಾಂಗ್ ರೈಫಲ್ ಮಾತ್ರ ಮ್ಯಾಗ್ನಮ್ ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ, ಹೊಡೆದರೆ ಕೇಸ್ (ತೋಟಾದ ಲೋಹದ ಚಿಪ್ಪು) ಸೀಳಿ ಬಿಸಿ ಗಾಳಿ ಹಿಂದಕ್ಕೆ ಬರುತ್ತದೆ. ಅಪಾಯ ಇರುವುದು ಇದರಲ್ಲೇ.

ಹಂತ 5: ಕೋವಿಗೆ ಹೊಂದುತ್ತದೆಯೇ?

ಇಲ್ಲಿ ಅವಸರ ಬೇಡ. ತೋಟಾ ಎಲ್ಲವನ್ನೂ ಬೇರೆ ಕೋಣೆಯಲ್ಲಿಟ್ಟು ಬನ್ನಿ. ಓಲ್ಡ್ ಮಾಡೆಲ್ ಆದರೆ ಹ್ಯಾಮರನ್ನು ಹಾಫ್ ಕಾಕ್‌ಗೆ (ಅರ್ಧ ಎಳೆದ ಸ್ಥಿತಿ) ತಂದು ಗೇಟ್ (ತೋಟಾ ತುಂಬಲು ಇರುವ ಪಕ್ಕದ ಸಣ್ಣ ಬಾಗಿಲು) ತೆರೆಯಿರಿ. ನ್ಯೂ ಮಾಡೆಲ್‌ನಲ್ಲಿ ಗೇಟ್ ತೆರೆದರೆ ಸಾಕು. ಆರೂ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಬೇಸ್ ಪಿನ್ (ಸಿಲಿಂಡರ್ ತಿರುಗುವ ಅಚ್ಚು) ಎಳೆದು ಹಳೇ ಸಿಲಿಂಡರ್ ತೆಗೆಯಿರಿ, ಹೊಸದನ್ನು ಕೂರಿಸಿ ಪಿನ್ ಹಾಕಿ. ಪಿನ್ ಸುತ್ತಿಗೆಯ ಸಹಾಯ ಇಲ್ಲದೆ ಹೋಗಬೇಕು.

ಮೊದಲು ಮುಂದಿನ ಸಂದು. ಸಿಲಿಂಡರಿನ ಮುಂಭಾಗಕ್ಕೂ ನಳಿಗೆಯ ಹಿಂಭಾಗಕ್ಕೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. ಒಂದು ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಭಾಗ, ಅಂದರೆ ಸುಮಾರು 0.1ರಿಂದ 0.2 ಮಿ.ಮೀ. ಇದ್ದರೆ ಚೆನ್ನ. ಗೇಜ್ ತೂರದೇ ಇದ್ದರೆ ಕೆಲವು ಸುತ್ತು ಹೊಡೆಯುವಷ್ಟರಲ್ಲಿ ಮಸಿ ಕಟ್ಟಿ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ತೀರಾ ಜಾಸ್ತಿ ಇದ್ದರೆ ಪಕ್ಕಕ್ಕೆ ಸಿಡಿಯುತ್ತದೆ. ಒಂದೇ ಚೇಂಬರಿನಲ್ಲಿ ಅಳೆದು ಮುಗಿಸಬೇಡಿ, ಆರರಲ್ಲೂ ಅಳೆಯಿರಿ. ಅಗ್ಗದ ಫೀಲರ್ ಗೇಜ್‌ಗಳ ತೆಳು ಎಲೆ ಬೇಗ ಮಡಚಿ ಸುಳ್ಳು ಅಳತೆ ತೋರಿಸುತ್ತದೆ. ಇದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಿ.

ಆಮೇಲೆ ಸಿಲಿಂಡರಿಗೂ ಹಿಂದಿನ ಲೋಹಕ್ಕೂ ನಡುವೆ ತೋಟಾದ ಅಂಚು ಕೂರುವ ಜಾಗ, ಅಂದರೆ ಹೆಡ್‌ಸ್ಪೇಸ್. ಲಾಂಗ್ ರೈಫಲ್ ತೋಟಾದ ಅಂಚಿನ ದಪ್ಪ ಹೆಚ್ಚೆಂದರೆ 0.043 ಇಂಚು, ಮ್ಯಾಗ್ನಮ್‌ನದ್ದು 0.050. ಜಾಗ ಬಿಗಿಯಾದರೆ ತೋಟಾದ ಅಂಚು ಹಿಂದಿನ ಲೋಹಕ್ಕೆ ಉಜ್ಜುತ್ತದೆ, ಮದ್ದು ಇರುವುದೇ ಆ ಅಂಚಿನಲ್ಲಿ ಅಲ್ವಾ? ಸಡಿಲವಾದರೆ ಗುಂಡು ಹಾರದೇ ಹೋಗಬಹುದು, ಕೇಸಿನ ಹಿಂಭಾಗ ಊದಬಹುದು. ಇದನ್ನು ಅಳೆಯಲು, ಒಂದು ಹೋಗಬೇಕು ಇನ್ನೊಂದು ಹೋಗಬಾರದು ಎಂಬ ಗೋ, ನೋ-ಗೋ ಗೇಜ್‌ಗಳೇ ಇವೆ. ಖಾಲಿ ಕೋವಿ ಅಭ್ಯಾಸಕ್ಕೆ ಕೆಲವರು ಗೋಡೆಗೆ ಹೊಡೆಯುವ ಹಳದಿ ಪ್ಲಾಸ್ಟಿಕ್ ಆ್ಯಂಕರ್‌ಗಳನ್ನು ಚೇಂಬರಿಗೆ ಹಾಕುತ್ತಾರೆ. ಅಭ್ಯಾಸಕ್ಕೆ ಸರಿ. ಹೆಡ್‌ಸ್ಪೇಸ್ ಅಳೆಯಲು ಅದನ್ನು ಬಳಸುವುದು ಶುದ್ಧ ತಪ್ಪು. ನಿಜವಾದ ತೋಟಾ ಹಾಕಿ ಮನೆಯಲ್ಲಿ ಪರೀಕ್ಷಿಸುವುದಂತೂ ಬೇಡವೇ ಬೇಡ.

ಈಗ ನಿಜವಾದ ಕಷ್ಟ, ಟೈಮಿಂಗ್. ಹ್ಯಾಮರ್ ಎಳೆದಾಗ ಒಳಗಿರುವ 'ಹ್ಯಾಂಡ್' ಎಂಬ ಸಣ್ಣ ಕೊಕ್ಕೆ ಸಿಲಿಂಡರಿನ ಹಿಂದಿರುವ ರ‍್ಯಾಚೆಟ್ ಹಲ್ಲನ್ನು ದೂಡುತ್ತದೆ. ಸಿಲಿಂಡರ್ ತಿರುಗುತ್ತದೆ. ಕೆಳಗಿನಿಂದ ಬೋಲ್ಟ್ ಎದ್ದು ಪಕ್ಕದ ಕಚ್ಚಿಗೆ ಕೂತು ಬೀಗ ಹಾಕುತ್ತದೆ. ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುವ ಹೊತ್ತಿಗೆ ಅಥವಾ ಅದಕ್ಕಿಂತ ಚೂರು ಮೊದಲು ಈ ಬೀಗ ಬಿದ್ದಿರಬೇಕು.

ಮಾರ್ಕರ್ ಪೆನ್ನಿನಲ್ಲಿ ಚೇಂಬರ್‌ಗಳಿಗೆ 1ರಿಂದ 6 ಅಂಕಿ ಹಾಕಿ. ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಎಡಗೈ ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ. ತುಂಬಿದ ತೋಟಾಗಳ ಭಾರಕ್ಕೆ ಬದಲಾಗಿ ಈ ತಡೆ. ಇನ್ನೊಂದು ಹೆಬ್ಬೆರಳಿನಿಂದ ಹ್ಯಾಮರನ್ನು ತುಂಬಾ ನಿಧಾನ ಎಳೆಯಿರಿ. ಜೋರಾಗಿ ಎಳೆದರೆ ಸಿಲಿಂಡರ್ ತನ್ನ ವೇಗಕ್ಕೇ ತಿರುಗಿ ಬೀಗಕ್ಕೆ ಬಿದ್ದುಬಿಡುತ್ತದೆ, ದೋಷ ಮುಚ್ಚಿಹೋಗುತ್ತದೆ. ಎಳೆದು ನಿಲ್ಲಿಸಿದ ಮೇಲೆ ಸಿಲಿಂಡರನ್ನು ಮೆಲ್ಲಗೆ ತಿರುಚಿ ನೋಡಿ. ಆಗ 'ಟಿಕ್' ಎಂದು ಬೋಲ್ಟ್ ಕೂತರೆ, ಅಲ್ಲಿಯವರೆಗೆ ಬೀಗ ಬಿದ್ದೇ ಇರಲಿಲ್ಲ ಎಂದರ್ಥ. ಹೀಗೆ ಆರಕ್ಕೂ ಮಾಡಿ, ಯಾವ ಅಂಕಿಯಲ್ಲಿ ಏನಾಯಿತು ಬರೆದಿಡಿ. ಐದು ಸರಿ ಇದ್ದು ಒಂದು ಕೈಕೊಡುವುದು ಸಾಮಾನ್ಯ. ಗನ್‌ಸ್ಮಿತ್‌ಗೆ ಈ ಚೀಟಿ ತುಂಬಾ ಉಪಯೋಗ.

ಕೆಲವೊಮ್ಮೆ ಉಲ್ಟಾ ಆಗುತ್ತದೆ. ಬೀಗ ಬಿದ್ದಾಗಿದೆ, ಹ್ಯಾಮರ್ ಮಾತ್ರ ಪೂರ್ತಿ ಬರದೆ ಗಟ್ಟಿ ನಿಲ್ಲುತ್ತದೆ. ರ‍್ಯಾಚೆಟ್ ಹಲ್ಲು ಉದ್ದವಾಗಿದೆ, ಅದಕ್ಕೆ ಹೀಗೆ. ಈ ಹೊತ್ತಿಗೆ ಬಹಳ ಮಂದಿ ಅರ ತೆಗೆದುಕೊಂಡು ಹ್ಯಾಂಡ್ ಉಜ್ಜುತ್ತಾರೆ. ದಯವಿಟ್ಟು ಬೇಡ. ಹ್ಯಾಂಡ್ ಎರಡೂ ಸಿಲಿಂಡರಿಗೆ ಸೇರಿದ್ದು. ಅದನ್ನು ಉಜ್ಜಿದರೆ ಹೊಸದು ಹೊಂದಬಹುದು, ಇಷ್ಟು ವರ್ಷ ಸರಿಯಾಗಿದ್ದ ಹಳೆಯದು ಕೆಡುತ್ತದೆ. ತಿದ್ದುವುದಿದ್ದರೆ ಹೊಸ ಸಿಲಿಂಡರನ್ನೇ ತಿದ್ದಬೇಕು, ಅದನ್ನೂ ಗನ್‌ಸ್ಮಿತ್ ಮಾಡಬೇಕು.

ಚೇಂಬರ್ ಮತ್ತು ನಳಿಗೆ ಒಂದೇ ಗೆರೆಯಲ್ಲಿವೆಯೇ ಎಂಬ ಕೊನೆಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಗನ್‌ಸ್ಮಿತ್ ಬಳಿ ರೇಂಜ್ ರಾಡ್ ಎಂಬ ಕಡ್ಡಿ ಇರುತ್ತದೆ. ನಳಿಗೆಯಿಂದ ಇಳಿಸಿದರೆ ಆರು ಚೇಂಬರಿಗೂ ತಡವರಿಸದೆ ಇಳಿಯಬೇಕು.

ಹಂತ 6: ರೇಂಜಿನಲ್ಲಿ

ಕನ್ನಡಕ ಹಾಕಿ, ಅಕ್ಕಪಕ್ಕ ಯಾರೂ ಇಲ್ಲದ ಲೇನ್ ಕೇಳಿ. ಮೊದಲು ಒಂದೊಂದೇ ತೋಟಾ. ಖಾಲಿ ಕೇಸ್‌ಗಳನ್ನು ಎತ್ತಿಟ್ಟುಕೊಂಡು ಊದಿದೆಯೇ, ಸೀಳಿದೆಯೇ ನೋಡಿ. ಮುಗಿದ ಮೇಲೆ ನಳಿಗೆಯ ಹಿಂಬಾಯಿ ನೋಡಿ. ಸೀಸ ಸುತ್ತಲೂ ಸಮನಾಗಿ ಹತ್ತಿದ್ದರೆ ಒಳ್ಳೆಯದು, ಒಂದೇ ಪಕ್ಕಕ್ಕೆ ಬಳಿದುಕೊಂಡಿದ್ದರೆ ಮತ್ತೆ ಗನ್‌ಸ್ಮಿತ್ ಹತ್ತಿರ ಹೋಗಿ. ಎರಡು ಜಾತಿ ತೋಟಾಗಳನ್ನು ಒಂದೇ ಚೀಲದಲ್ಲಿ ರೇಂಜಿಗೆ ಒಯ್ಯಬೇಡಿ. ಆ ದಿನ ಯಾವ ಸಿಲಿಂಡರೋ ಅದರ ತೋಟಾ ಮಾತ್ರ.

ಊರಿಗೆ ಬರುವಾಗ ಹೆಚ್ಚುವರಿ ಸಿಲಿಂಡರನ್ನು ಸೂಟ್‌ಕೇಸಿನಲ್ಲಿ ತರಬಹುದೇ ಎಂದು ಕೇಳುವವರಿದ್ದಾರೆ. ಕೊಡಗಿನ ಬಂಧುಗಳಿಗೆ ಉಡುಗೊರೆ ಕೊಡುವ ಆಸೆ ಇರುತ್ತದೆ. ತರಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಅಮೆರಿಕದಲ್ಲಿ ಅಂಚೆಯಲ್ಲಿ ಮನೆಗೆ ಬಂದ ಅದೇ ಸಿಲಿಂಡರ್ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಲೈಸೆನ್ಸ್ ಇಲ್ಲದ ಆಯುಧ ಆಗುತ್ತದೆ.